ಸಭಾಪಾಲಕನ ಪ್ರೌಢಪ್ರಬಂಧ

ಪ್ರೌಢಪ್ರಬಂಧ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿ, ಕಪ್ಪು ರಟ್ಟಿನ ಬೆನ್ನಿನ ಮೇಲೆ ಚಿನ್ನದ ಅಕ್ಷರಗಳನ್ನು ಹೊತ್ತು ಸಾಲಾಗಿ ನಿಂತಿರುವ ದಪ್ಪ ಸಂಪುಟಗಳು. ಪಂಪನನ್ನು ಕುರಿತವು, ವಚನಕಾರರನ್ನು ಕುರಿತವು, ಜನಪದ ಗೀತೆಗಳನ್ನು ಕುರಿತವು. ಅವುಗಳಲ್ಲಿ ಕೆಲವು ಅಚ್ಚಾಗುತ್ತವೆ, ಕೆಲವು ಧೂಳಾಗುತ್ತವೆ. ಈ ಎರಡು ಗುಂಪಿಗೂ ಸೇರದ ಇನ್ನೊಂದು ಬಗೆಯ ಪ್ರಬಂಧಗಳು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಹುಟ್ಟುತ್ತಿವೆ. ಕ್ರೈಸ್ತ ದೇವಶಾಸ್ತ್ರದ ಕಾಲೇಜುಗಳಲ್ಲಿ, ಮುಂದೆ ಸಭಾಪಾಲಕರಾಗಿ ಹಳ್ಳಿ ಪಟ್ಟಣಗಳಿಗೆ ಹೋಗಲಿರುವ ತರುಣ ತರುಣಿಯರು ಬರೆಯುವ ಪ್ರಬಂಧಗಳು ಅವು. ನಮ್ಮ ಸಾಹಿತ್ಯ ಚರಿತ್ರೆಕಾರರು ಅವುಗಳ ಕಡೆಗೆ ಕಣ್ಣು ಹಾಯಿಸಿದ್ದು ಕಡಿಮೆ. ನಾನಾದರೂ ಕ್ರೈಸ್ತನಲ್ಲ, ದೇವಶಾಸ್ತ್ರಜ್ಞನೂ ಅಲ್ಲ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ. ಭಾಷೆಯನ್ನು ತಿದ್ದಿಕೊಡಿರೆಂದು ಕೇಳಿಕೊಂಡು ಬಂದವರಿಂದ ಅಂಥ ನಾಲ್ಕಾರು ಪ್ರಬಂಧಗಳು ನನ್ನ ಕೈಗೆ ಬಂದವು. ತಿದ್ದಿದ್ದಕ್ಕಿಂತ ನಾನು ಕಲಿತದ್ದೇ ಹೆಚ್ಚೆನ್ನಬೇಕು.

ಮೊದಲು ಈ ಕಾಲೇಜುಗಳ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹರ್ಮನ್ ಮೋಗ್ಲಿಂಗ್ ಎಂಬ, ಕನ್ನಡಿಗರೆಲ್ಲ ನೆನೆಯಬೇಕಾದ ಹಿರಿಯನ ಮುಂದಾಳುತನದಲ್ಲಿ ಅಲ್ಲಿ ದೇವಶಾಸ್ತ್ರದ ಶಾಲೆ ರೂಪುಗೊಂಡದ್ದು 1847ರಲ್ಲಿ. ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವನೂ ಇದೇ ಮೋಗ್ಲಿಂಗ್. ಆ ಶಾಲೆಯೂ ತುಮಕೂರಿನಲ್ಲಿದ್ದ ಕನ್ನಡ ಸೆಮಿನರಿಯೂ ಒಂದುಗೂಡಿ 1965ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ದೇವಶಾಸ್ತ್ರೀಯ ಮಹಾವಿದ್ಯಾಲಯವಾಯಿತು. ಬೆಂಗಳೂರಿನಲ್ಲಿ 1910ರಿಂದಲೇ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಇವೆರಡಕ್ಕೂ ಪದವಿ ಕೊಡುವ ಅಧಿಕಾರ ಬರುವುದು ಬಂಗಾಳದ ಸೆರಾಂಪುರದಿಂದ. ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರು 1818ರಲ್ಲಿ ಅಲ್ಲಿ ಕಾಲೇಜು ಕಟ್ಟಿದರು. ಊರು ಆಗ ಡೆನ್ಮಾರ್ಕಿನವರ ಕೈಯಲ್ಲಿತ್ತು. ಆದ್ದರಿಂದ ಪದವಿ ನೀಡುವ ಸನ್ನದು 1827ರಲ್ಲಿ ಬಂದದ್ದು ಡೆನ್ಮಾರ್ಕಿನ ದೊರೆಯಿಂದ! ಸಮುದ್ರದಾಚೆಯ ದೊರೆಯೊಬ್ಬನ ಮೊಹರಿನ ಬಲದಿಂದ ಇಂದು ಅರಕಲಗೂಡಿನ ಹುಡುಗನೊಬ್ಬ ಬಿ.ಡಿ. ಎನಿಸಿಕೊಳ್ಳುತ್ತಾನೆ ಎಂದರೆ ಚರಿತ್ರೆಯ ದಾರಿಗಳು ಎಷ್ಟು ವಕ್ರವೆಂದು ಆಶ್ಚರ್ಯವಾಗುತ್ತದೆ. ಅದೇ ಕೇರಿ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಬರೆದು ಪ್ರಕಟಿಸಿದನೆಂಬುದನ್ನೂ ಇಲ್ಲಿ ನೆನೆಯಬಹುದು.

ಒಂದು ವಿನೋದದ ಸಂಗತಿಯುಂಟು. ನಮ್ಮ ಭಾಷೆಗೆ ಮಹದುಪಕಾರ ಮಾಡಿದ ಮಿಷನರಿ ವಿದ್ವಾಂಸರಲ್ಲಿ ಮುಖ್ಯರಾದವರು ಪ್ರಬಂಧ ಬರೆದು ಡಾಕ್ಟರ್ ಆದವರಲ್ಲ. ಮೋಗ್ಲಿಂಗನಿಗೆ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 1858ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಕಿಟ್ಟೆಲನಿಗೂ ಅದೇ ವಿಶ್ವವಿದ್ಯಾನಿಲಯ 1896ರಲ್ಲಿ, ಕೋಶ ಹೊರಬಂದ ಎರಡು ವರ್ಷಗಳ ಮೇಲೆ, ಅದೇ ಗೌರವವನ್ನು ಕೊಟ್ಟಿತು. ಮಂಗಳೂರಿನ ಸೆಮಿನರಿಯಲ್ಲಿ ಓದಿದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಓಲೆಗಳಿಂದಲೂ ಜನರ ಬಾಯಿಂದಲೂ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ವೃತ್ತಿಯಿಂದ ಅವರು ಸಭಾಪಾಲಕರು. ಸಂಶೋಧನೆಯನ್ನು ಪದವಿಗಾಗಿ ಮಾಡಿದವರಲ್ಲ. ಇಂದಿನ ವಿದ್ಯಾರ್ಥಿಗೆ ಈ ಸ್ವಾತಂತ್ರ್ಯವಿಲ್ಲ. ಬಿ.ಡಿ. ವ್ಯಾಸಂಗದಲ್ಲಿ ಅವನು ಪ್ರಬಂಧವನ್ನು ಬರೆಯಬಹುದು. ಅದರ ಮೇಲಿನ ಎಂ.ಟಿಎಚ್. ಪದವಿಗೆ ಬರೆಯಲೇಬೇಕು. ಮಾರ್ಗದರ್ಶಕರಿದ್ದಾರೆ, ಅಧ್ಯಾಯಗಳ ಕ್ರಮವಿದೆ, ಅಡಿಟಿಪ್ಪಣಿಯ ಶಿಸ್ತಿದೆ, ಗಡುವಿದೆ. ಇವೆಲ್ಲವೂ ಎಲ್ಲ ಪ್ರಬಂಧಗಳಿಗೂ ಇರುವ ಕಟ್ಟಳೆಗಳೇ ಆದ್ದರಿಂದ ಅವುಗಳ ವಿಚಾರ ಬೆಳೆಸುವುದಿಲ್ಲ.

ಬೇರೆ ಕಡೆ ಇಲ್ಲದ ಕಷ್ಟವೊಂದು ಇಲ್ಲಿದೆ, ಅದು ಶಬ್ದದ ಕಷ್ಟ. ಕ್ರೈಸ್ತರ ಧರ್ಮಗ್ರಂಥ ಹೀಬ್ರೂ ಮತ್ತು ಗ್ರೀಕ್ ಭಾಷೆಗಳದ್ದು. ವಿದ್ಯಾರ್ಥಿ ಅವುಗಳ ಪರಿಚಯ ಮಾಡಿಕೊಳ್ಳಬೇಕು. ಅವನು ಓದುವ ವ್ಯಾಖ್ಯಾನಗಳೆಲ್ಲ ಇಂಗ್ಲಿಷಿನವು. ಮುಂದೆ ಉಪದೇಶ ಮಾಡಬೇಕಾದುದು ಕನ್ನಡದಲ್ಲಿ. ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರು ಬಳ್ಳಾರಿಯಲ್ಲಿ ಕುಳಿತು ಇಡೀ ಬೈಬಲನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ರಲ್ಲಿ. ಅಂದಿನಿಂದ ಎಷ್ಟೋ ಬಾರಿ ಅದು ಪರಿಷ್ಕಾರಗೊಂಡಿದೆ. ಪ್ರತಿ ಪರಿಷ್ಕಾರದ ಹಿಂದೆಯೂ ಶಬ್ದಗಳ ಜಗಳವಿದೆ. ಗ್ರಂಥದ ಹೆಸರನ್ನೇ ನೋಡಿ: ‘ಸತ್ಯವೇದ’. ವೇದವೆಂಬ ಮಾತನ್ನು ತೆಗೆದುಕೊಂಡು ಅದಕ್ಕೆ ಸತ್ಯವೆಂಬ ವಿಶೇಷಣವನ್ನು ಅಂಟಿಸಿದವರ ಮನಸ್ಸಿನಲ್ಲಿ ಗೌರವವೂ ಇತ್ತು, ಪೈಪೋಟಿಯೂ ಇತ್ತು. ಪ್ರೊಟೆಸ್ಟೆಂಟರು ‘ದೀಕ್ಷಾಸ್ನಾನ’ ಎನ್ನುತ್ತಾರೆ. ಕ್ಯಾಥೊಲಿಕರು ಅವೇ ಎರಡು ಮಾತುಗಳನ್ನು ಹಿಂದುಮುಂದು ಮಾಡಿ ‘ಸ್ನಾನದೀಕ್ಷೆ’ ಎನ್ನುತ್ತಾರೆ. ಒಬ್ಬರಿಗೆ ‘ಸುವಾರ್ತೆ’ಯಾದದ್ದು ಇನ್ನೊಬ್ಬರಿಗೆ ‘ಶುಭಸಂದೇಶ’. ಒಬ್ಬರು ‘ಯೆಹೋವ’ ಎಂದಲ್ಲಿ ಇನ್ನೊಬ್ಬರು ‘ಸರ್ವೇಶ್ವರ’ ಎನ್ನುತ್ತಾರೆ. ಈ ಕೊನೆಯ ಮಾತನ್ನು ಕೇಳಿದಾಗ ಕನ್ನಡ ವಿದ್ಯಾರ್ಥಿಯ ಕಿವಿ ನಿಮಿರದೆ ಇರುವುದಿಲ್ಲ. ಶೈವ ವಾಙ್ಮಯದ ಪರಿಮಳವನ್ನು ಹೊತ್ತು ಬಂದ ಶಬ್ದ ಅದು. ಯಾವ ಕೋಣೆಯಲ್ಲಿಟ್ಟರೂ ಆ ಪರಿಮಳ ಹೋಗುವುದಿಲ್ಲ.

ಆದ್ದರಿಂದಲೇ ಜಾಣ ವಿದ್ಯಾರ್ಥಿಗಳು ಅನೇಕರು ಇಂಗ್ಲಿಷಿನಲ್ಲಿ ಬರೆದುಬಿಡುತ್ತಾರೆ. ಅದಕ್ಕೆ ಲೌಕಿಕ ಕಾರಣಗಳೂ ಇಲ್ಲದಿಲ್ಲ. ಇಂಗ್ಲಿಷಿನ ಪ್ರಬಂಧ ಕೈಯಲ್ಲಿದ್ದರೆ ಮುಂದಿನ ವ್ಯಾಸಂಗಕ್ಕೆ, ಹೊರನಾಡಿಗೆ ದಾರಿ ಸುಲಭ. ನಾನು ಅವರನ್ನು ಜರೆಯುವುದಿಲ್ಲ. ಆದರೆ ಹಳ್ಳಿಯ ಸಭೆಯೊಂದು ತನ್ನ ಹುಡುಗನನ್ನು ಕಳುಹಿಸಿ, ಅವನು ನಾಲ್ಕು ವರ್ಷ ಯೋಚಿಸಿ ಬರೆದದ್ದನ್ನು ಆ ಸಭೆಯ ಒಬ್ಬನೂ ಓದಲಾರದಂತಾದರೆ ಆ ಯೋಚನೆ ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ನಾನು ಹೇಳಹೊರಟಿರುವ ಹುಡುಗ ಕನ್ನಡದಲ್ಲಿಯೇ ಬರೆಯುತ್ತೇನೆಂದು ಹಟ ಹಿಡಿದವನು. ಅವನ ಹೆಸರೂ ಊರೂ ಬೇಡ. ಅವನ ತಂದೆ ಹೊಗೆಸೊಪ್ಪಿನ ಬೇಸಾಯಗಾರರು ಎಂದರೆ ಸಾಕು.

ನಮ್ಮ ತಾಲ್ಲೂಕನ್ನು ಬಲ್ಲವರಿಗೆ ಇದು ಹೊಸದಲ್ಲ. ಹಾಸನ ಜಿಲ್ಲೆ ಆಲೂಗೆಡ್ಡೆಗೆ ಹೆಸರಾದರೆ ಅರಕಲಗೂಡು ಸೀಮೆ ಹೊಗೆಸೊಪ್ಪಿಗೂ ಹೆಸರಾಗಿದೆ. ರಾಮನಾಥಪುರದಲ್ಲಿ ಕಾವೇರಿಯ ತಡಿಯಲ್ಲಿ ರಾಮೇಶ್ವರನ ಗುಡಿಯಿದೆ, ಅದೇ ಊರಿನಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯೂ ಇದೆ. (ತಂಬಾಕು, ಆಲೂಗೆಡ್ಡೆ ಎರಡೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಈ ದೇಶಕ್ಕೆ ಬಂದವು. ಮತವನ್ನು ಪರದೇಶದ್ದೆಂದು ಮೂಗು ಮುರಿಯುವವರು ಸಾರಿನೊಳಗಿನ ಆಲೂಗೆಡ್ಡೆಯನ್ನು ಏಕೆ ಬಿಡುವುದಿಲ್ಲವೋ ತಿಳಿಯದು.) ಹುಡುಗನ ಕಾಲೇಜಿನ ಶುಲ್ಕ, ಪುಸ್ತಕ, ಬಸ್ಸಿನ ಹಣ ಎಲ್ಲವೂ ಆ ಹರಾಜು ಕಟ್ಟೆಯಿಂದ ಬಂದವು. ಅವನು ಆರಿಸಿಕೊಂಡ ವಿಷಯ ‘ಪ್ರಥಮ ಫಲದ ಅರ್ಪಣೆ ಮತ್ತು ನಮ್ಮ ಸಭೆಗಳ ಬೆಳೆಹಬ್ಬ’.

ಬೆಳೆಹಬ್ಬವೆಂದರೆ ಏನೆಂದು ತಿಳಿಯದವರಿಗಾಗಿ ಹೇಳುತ್ತೇನೆ. ದಕ್ಷಿಣ ಭಾರತ ಸಭೆಗೆ ಸೇರಿದ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ರೈತರು ತಾವು ಬೆಳೆದದ್ದರಲ್ಲಿ ಒಂದು ಪಾಲನ್ನು ದೇವಾಲಯಕ್ಕೆ ತರುತ್ತಾರೆ. ರಾಗಿ, ಭತ್ತ, ಕುಂಬಳಕಾಯಿ, ತೆಂಗಿನಕಾಯಿ, ಕೋಳಿ, ಕುರಿಮರಿ ಎಲ್ಲವೂ ಬರುತ್ತವೆ. ಪ್ರಾರ್ಥನೆಯಾದ ಮೇಲೆ ಅವನ್ನು ಸವಾಲು ಕೂಗುತ್ತಾರೆ. ಹತ್ತು ರೂಪಾಯಿಯ ಕುಂಬಳಕಾಯಿ ಇನ್ನೂರಕ್ಕೆ ಹೋಗುವ ಸಂಭ್ರಮ ಅದು. ನಮ್ಮ ಸುಗ್ಗಿಯ ಕಣದ ಪೂಜೆಗೂ ಅದಕ್ಕೂ ಇರುವ ನಂಟನ್ನು ಹುಡುಗ ಎರಡನೆಯ ಅಧ್ಯಾಯದಲ್ಲಿ ಚೆನ್ನಾಗಿ ತೋರಿಸಿದ್ದ. ತೊಡಕು ಬಂದದ್ದು ನಾಲ್ಕನೆಯ ಅಧ್ಯಾಯದಲ್ಲಿ. ರಾಗಿ ಬೆಳೆದವನು ರಾಗಿ ತರುತ್ತಾನೆ. ಹೊಗೆಸೊಪ್ಪು ಬೆಳೆದವನು ಏನನ್ನು ತರಬೇಕು?

ವಾಸ್ತವದಲ್ಲಿ ಅವರು ಸೊಪ್ಪನ್ನು ತರುವುದಿಲ್ಲ, ಹಣವನ್ನು ಲಕೋಟೆಯಲ್ಲಿಟ್ಟು ತರುತ್ತಾರೆ. ಲಕೋಟೆಯ ಮೇಲೆ ಹೆಸರಿರುತ್ತದೆ; ಬೆಳೆಯ ಹೆಸರು ಇರುವುದಿಲ್ಲ. ಹುಡುಗ ಇದನ್ನು ಕಂಡು ಮೊದಲ ಕರಡಿನಲ್ಲಿ ಬಹಳ ಕಟುವಾಗಿ ಬರೆದ. ತಂಬಾಕಿನ ನಿಯಂತ್ರಣಕ್ಕಾಗಿ 2003ರಲ್ಲಿ ನಮ್ಮ ಸಂಸತ್ತು ಮಾಡಿದ ಕಾಯಿದೆ, ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಆದ ಒಡಂಬಡಿಕೆ, ರೋಗಗಳ ವಿವರ, ಸೌದೆಗಾಗಿ ಬೋಳಾದ ಗುಡ್ಡಗಳ ವಿಚಾರ ಎಲ್ಲವನ್ನೂ ಹೇಳಿ, ‘ಕೆಲವು ರೈತರು’ ತರುವ ಇಂಥ ಕಾಣಿಕೆ ವೇದಿಕೆಗೆ ಅರ್ಹವಲ್ಲ ಎಂದು ತೀರ್ಮಾನಿಸಿದ. ವಾದದಲ್ಲಿ ತಪ್ಪಿರಲಿಲ್ಲ. ಮಾರ್ಗದರ್ಶಕರು ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದು ಹಿಂದಕ್ಕೆ ಕೊಟ್ಟರು: ‘ಕೆಲವು ರೈತರು’ ಎಂದರೆ ಯಾರು?

ಹುಡುಗ ಆ ಹಾಳೆಯನ್ನು ಹಿಡಿದುಕೊಂಡು ನನ್ನ ಮನೆಗೆ ಬಂದ. ಪ್ರಬಂಧ ಬರೆಯುವವನ ನಿಜವಾದ ಪರೀಕ್ಷೆ ಇಂಥ ಕಡೆ ನಡೆಯುತ್ತದೆ, ಪರೀಕ್ಷಕರ ಮುಂದೆ ನಡೆಯುವುದಲ್ಲ. ಅವನು ಅಪ್ಪನ ಹೆಸರು ಹೇಳಿದರೆ ಅಪ್ಪನನ್ನು ಸಭೆಯ ಎದುರಿಗೆ ನಿಲ್ಲಿಸಿದಂತೆ. ಹೇಳದಿದ್ದರೆ ಪ್ರಬಂಧವೇ ಒಂದು ಲಕೋಟೆ. ತೀರ್ಮಾನವನ್ನು ಕೈಬಿಟ್ಟರೆ ಅವನು ಓದಿದ ಶಾಸ್ತ್ರಕ್ಕೂ ಕಂಡ ಸತ್ಯಕ್ಕೂ ದ್ರೋಹ. “ಮೇಷ್ಟ್ರೇ, ಈ ಅಧ್ಯಾಯವನ್ನೇ ತೆಗೆದುಬಿಡಲಾ?” ಎಂದು ಕೇಳಿದ. ದೇವಶಾಸ್ತ್ರದಲ್ಲಿ ನಾನು ಹೇಳುವಂಥದ್ದು ಏನೂ ಇರಲಿಲ್ಲ. ಮೂಲ ಪಾಠದಲ್ಲಿ ಏನಿದೆ ಎಂಬುದನ್ನು ಒಂದೊಂದೇ ಮಾತು ಹಿಡಿದು ಕನ್ನಡದಲ್ಲಿ ಹೇಳು ಎಂದೆ. ನಮ್ಮ ಪಾಠಹೇಳುವ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಉಪಾಯವನ್ನು ನಾನು ಕಲಿತಿಲ್ಲ.

ಪಾಠ ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯದ್ದು. ರೈತನು ನೆಲದ ಪ್ರಥಮ ಫಲವನ್ನು ಬುಟ್ಟಿಯಲ್ಲಿಟ್ಟು ತರಬೇಕು. ಯಾಜಕನು ಅದನ್ನು ತೆಗೆದುಕೊಂಡು ಯಜ್ಞವೇದಿಯ ಮುಂದೆ ಇಡಬೇಕು. ಆಮೇಲೆ ಮಾತಾಡುವವನು ಯಾಜಕನಲ್ಲ, ರೈತ. ಅವನು ತನ್ನ ಮನೆತನದ ಕಥೆಯನ್ನು ಹೇಳಬೇಕು: ಹಿರಿಯನು ಅರಾಮ್ಯನಾಗಿದ್ದು ಐಗುಪ್ತಕ್ಕೆ ಹೋದದ್ದು, ಅಲ್ಲಿ ಬಿಟ್ಟಿ ದುಡಿದದ್ದು, ಕೂಗಿಕೊಂಡದ್ದು, ಬಿಡುಗಡೆಯಾದದ್ದು, ಈ ನೆಲ ದೊರೆತದ್ದು. ಕೊನೆಗೆ ಭೂಮಿಯಿಲ್ಲದ ಲೇವಿಯನೊಡನೆಯೂ ಪರದೇಶಿಯೊಡನೆಯೂ ಕೂಡಿ ಸಂತೋಷಪಡಬೇಕು. ಆ ಹಿರಿಯನಿಗೆ ಹಾಕಿರುವ ಹೀಬ್ರೂ ವಿಶೇಷಣ ‘ಓಬೇದ್’. ಅದರ ಧಾತುವಿಗೆ ದಾರಿತಪ್ಪಿ ತಿರುಗು ಎಂಬ ಅರ್ಥವೂ ಇದೆ, ನಾಶವಾಗು ಎಂಬ ಅರ್ಥವೂ ಇದೆ ಎಂದು ಹುಡುಗ ವಿವರಿಸಿದ. ಇಂಗ್ಲಿಷ್ ಭಾಷಾಂತರಕಾರರು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತ ಬಂದಿದ್ದಾರಂತೆ. ನನಗೆ ಥಟ್ಟನೆ ಹೊಳೆಯಿತು. ಕನ್ನಡದಲ್ಲಿ ‘ಅಲೆ’ ಎಂದರೆ ಸುತ್ತಾಡು, ‘ಅಳಿ’ ಎಂದರೆ ನಾಶವಾಗು. ಎರಡೂ ಬೇರೆ ಧಾತುಗಳು, ನಿಜ. ಆದರೆ ‘ಅಲೆವ’ ‘ಅಳಿವ’ ಎಂದು ಜೊತೆಯಲ್ಲಿ ಉಚ್ಚರಿಸಿದರೆ ಆ ಹೀಬ್ರೂ ಮಾತಿನ ಎರಡು ಮುಖಗಳೂ ಕನ್ನಡ ಕಿವಿಗೆ ಒಟ್ಟಿಗೆ ಕೇಳಿಸುತ್ತವೆ. ಹುಡುಗ ಅದನ್ನು ಬರೆದುಕೊಂಡ. ಬರೆದುಕೊಂಡವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬುಟ್ಟಿಯಲ್ಲಿ ಏನಿತ್ತು ಅನ್ನೋದಕ್ಕಿಂತ ಅದರ ಮುಂದೆ ನಿಂತು ಏನು ಹೇಳಿದ ಅನ್ನೋದೇ ಇಲ್ಲಿ ಉದ್ದವಾಗಿದೆ ಅಲ್ವಾ ಮೇಷ್ಟ್ರೇ” ಎಂದ.

ಆ ಮಾತಿನಿಂದ ನಾಲ್ಕನೆಯ ಅಧ್ಯಾಯ ಹೊಸದಾಗಿ ಹುಟ್ಟಿತು. ಅವನು ತಂದೆಯ ಬಳಿ ಕುಳಿತು ಹೊಗೆಸೊಪ್ಪಿನ ಕಥೆಯನ್ನೆಲ್ಲ ಕೇಳಿ ಬರೆದುಕೊಂಡ. ಸಾಲ ಎಲ್ಲಿಂದ ಬಂತು, ರಾಗಿಯನ್ನು ಬಿಟ್ಟು ಈ ಬೆಳೆಗೆ ಏಕೆ ಹೋದರು, ಬ್ಯಾರನ್ ಕಟ್ಟಿಸಿದ್ದು ಯಾವಾಗ, ಸೊಪ್ಪು ಬೇಯಿಸುವ ದಿನಗಳಲ್ಲಿ ಮನೆಯಲ್ಲಿ ಯಾರು ಯಾರು ರಾತ್ರಿ ನಿದ್ದೆ ಬಿಟ್ಟರು, ಹರಾಜು ಕಟ್ಟೆಯಲ್ಲಿ ಬೇಲು ತಿರಸ್ಕೃತವಾದ ದಿನ ಮನೆಗೆ ಹೇಗೆ ಬಂದರು ಎಂಬುದೆಲ್ಲ ಅಲ್ಲಿದೆ. ಬರೆದು ಮುಗಿದ ಮೇಲೆ ಒಂದು ಸಂಜೆ ಜಗಲಿಯಲ್ಲಿ ಕುಳಿತು ತಂದೆಗೆ ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಹೇಳಿದನಂತೆ. ಅಲ್ಲಿಯವರೆಗೆ ಪ್ರಬಂಧವೆಂದರೆ ದೊಡ್ಡವರ ವ್ಯವಹಾರವೆಂದುಕೊಂಡಿದ್ದ ಆತ ಎಲ್ಲವನ್ನೂ ಕೇಳಿದರು. ವೇದಿಕೆಗೆ ಅರ್ಹವೋ ಅಲ್ಲವೋ ಎಂಬ ಚರ್ಚೆ ಬಂದಾಗಲೂ ಮಾತಾಡಲಿಲ್ಲ. ಬ್ಯಾರನ್ನಿನ ವರ್ಣನೆ ಬಂದಾಗ ಮಾತ್ರ ಕೈಯೆತ್ತಿ ತಡೆದರು. ಸೊಪ್ಪನ್ನು ತೂಗುಹಾಕಿದ ಮೊದಲ ರಾತ್ರಿಯೇ ದೊಡ್ಡ ಉರಿ ಹಾಕುತ್ತಾರೆಂದು ಹುಡುಗ ಬರೆದಿದ್ದ. “ಮೊದಲ್ನೇ ದಿನಾನೇ ಉರಿ ಏರಿಸ್ಬಿಟ್ರೆ ಸೊಪ್ಪು ಹಸ್ರಾಗೇ ನಿಂತೋಯ್ತದೆ ಕಣ್ಲಾ. ಮೊದ್ಲು ಸಣ್ಣ ಕಾವಲ್ಲಿ ಹಳದಿ ತಿರುಗ್ಬೇಕು, ಆಮೇಲೆ ಎಲೆ ಒಣಗ್ಬೇಕು, ಕಡೇಗೆ ದಂಟು. ಇಷ್ಟ್ ವರ್ಷ ಇದೇ ಮನೇಲಿದ್ದು ಅದೂ ಗೊತ್ತಿಲ್ವಾ ನಿಂಗೆ?” ಎಂದರಂತೆ.

ಈ ತಿದ್ದುಪಡಿಯನ್ನು ಯಾವ ಮಾರ್ಗದರ್ಶಕನೂ ಮಾಡಲಾರ, ಯಾವ ಪರೀಕ್ಷಕನೂ ಹಿಡಿಯಲಾರ. ಪ್ರಬಂಧ ಇಂಗ್ಲಿಷಿನಲ್ಲಿದ್ದಿದ್ದರೆ ಆ ತಪ್ಪು ಕಪ್ಪು ರಟ್ಟಿನೊಳಗೆ ಕ್ಷೇಮವಾಗಿ ಕುಳಿತಿರುತ್ತಿತ್ತು. ನಮ್ಮ ವಿಶ್ವವಿದ್ಯಾನಿಲಯಗಳ ಜಾನಪದ ಪ್ರಬಂಧಗಳನ್ನು ಓದುವಾಗ ನನಗೆ ಈ ಜಗಲಿಯ ನೆನಪಾಗುತ್ತದೆ. ಹಾಡಿದವಳಿಗೆ ಅವಳ ಹಾಡಿನ ಮೇಲೆ ಬರೆದದ್ದನ್ನು ಓದಿ ಹೇಳಿದ ಸಂಶೋಧಕರು ಎಷ್ಟು ಮಂದಿ ಇದ್ದಾರು?

ಇನ್ನು ಅಡಿಟಿಪ್ಪಣಿಯ ಪ್ರಶ್ನೆ ಬಂತು. ಜರ್ಮನ್ ವ್ಯಾಖ್ಯಾನಕಾರನಿಗೆ ಅಡಿಟಿಪ್ಪಣಿಯಲ್ಲಿ ಹೆಸರು, ಊರು, ವರ್ಷ, ಪುಟ ಎಲ್ಲ ಸಲ್ಲುತ್ತವೆ. ಅಪ್ಪನಿಗೆ ಏನು ಸಲ್ಲಬೇಕು? ‘ಮಾಹಿತಿದಾರ’ ಎಂಬ ಶಬ್ದವನ್ನು ಹುಡುಗ ಒಪ್ಪಲಿಲ್ಲ. ಪೊಲೀಸ್ ಠಾಣೆಯ ವಾಸನೆ ಬರುತ್ತದೆ ಎಂದ. ನಾನು ‘ವಕ್ತೃ’ ಎಂಬುದನ್ನು ಸೂಚಿಸಿದೆ. ಅದು ಅವನಿಗೆ ಸಂಸ್ಕೃತವಾಯಿತು. ಕೊನೆಗೆ ‘ಹೇಳಿದವರು: ನನ್ನ ತಂದೆ’ ಎಂದು ಬರೆದ. ಕಾಲೇಜಿನವರು ಅದನ್ನು ಹಾಗೆಯೇ ಉಳಿಸಿಕೊಂಡರೆಂಬುದು ಅವರ ದೊಡ್ಡತನ.

ಅವನ ಅಂತಿಮ ನಿರ್ಣಯ ಹೀಗಿತ್ತು: ಬೆಳೆಯ ಗುಣದೋಷವನ್ನು ಮರೆಮಾಚಬಾರದು, ಅದರಿಂದ ಆಗುವ ಹಾನಿಯನ್ನು ಸಭೆ ಬಾಯಿಬಿಟ್ಟು ಹೇಳಬೇಕು, ಆದರೆ ರೈತನ ಲಕೋಟೆಯನ್ನು ಹಿಂದಕ್ಕೆ ತಳ್ಳದೆ, ಆ ಧರ್ಮೋಪದೇಶಕಾಂಡದ ರೈತನಂತೆ ಅವನು ಬುಟ್ಟಿಯ ಮುಂದೆ ನಿಂತು ತನ್ನ ಕಥೆಯನ್ನೂ ಸಾಲವನ್ನೂ ಹೇಳುವುದಕ್ಕೆ ಎಡೆ ಮಾಡಿಕೊಡಬೇಕು, ಬೇರೆ ಬೆಳೆಗೆ ತಿರುಗುವವನಿಗೆ ಸಭೆ ಹೆಗಲು ಕೊಡಬೇಕು. ನಾನು ಇದನ್ನು ಪೂರ್ತಿ ಒಪ್ಪಿದೆನೆಂದು ಹೇಳಲಾರೆ. ಕಥೆ ಹೇಳಿದ ಮಾತ್ರಕ್ಕೆ ಸೊಪ್ಪಿನ ವಿಷ ಇಳಿಯುವುದಿಲ್ಲ. ಹೆಗಲು ಕೊಡಲು ಬಡಸಭೆಗಳಲ್ಲಿ ಎಷ್ಟು ಶಕ್ತಿಯಿದೆಯೆಂಬುದೂ ನನಗೆ ಗೊತ್ತು. ಆದರೂ ಮೊದಲ ಕರಡಿನ ತೀರ್ಮಾನಕ್ಕಿಂತ ಇದು ಕಷ್ಟದ ತೀರ್ಮಾನ, ಬರೆದವನೂ ತನ್ನ ಮನೆಯವರೊಡನೆ ಅದರೊಳಗೆ ನಿಂತಿದ್ದಾನೆ ಎಂಬುದರಿಂದ ನನ್ನ ಗೌರವ ಅದಕ್ಕೆ ಸಂದಿದೆ.

ನಮ್ಮ ಜಿಲ್ಲೆಯಲ್ಲಿ ಇಂಥ ವಿಷಯಗಳಿಗೆ ಬರವಿಲ್ಲ. ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ದೇವಾಲಯವನ್ನು ಇಂದು ಜನ ಚಿತ್ರ ತೆಗೆಯಲು ಹೋಗಿ ನೋಡುತ್ತಾರೆ. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ್ದು. ಗೊರೂರಿನ ಅಣೆಕಟ್ಟಿನಿಂದ ಊರು ಎದ್ದುಹೋದಾಗ ಆ ಸಭೆಯ ಜನ ಯಾವ ಪ್ರಾರ್ಥನೆ ಮಾಡಿದರು, ಗೋರಿಗಳನ್ನು ಬಿಟ್ಟು ಹೇಗೆ ಹೊರಟರು ಎಂಬುದನ್ನು ಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಶಾಸನಗಳ ವಿಷಯದಲ್ಲಿ ನಾವು ಅದೃಷ್ಟವಂತರು. ಮಿಷನರಿಯ ಮಗನಾದ ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿಯೇ ಒಂದು ಸಂಪುಟವಾಗಿ ಕೊಟ್ಟುಬಿಟ್ಟಿದ್ದಾನೆ. ಕಲ್ಲಿನ ಮೇಲೆ ಬರೆಯದ ಮಾತುಗಳಿಗೆ ಅಂಥವನೊಬ್ಬ ಸಿಗಲಿಲ್ಲ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಅಚ್ಚುಪುಸ್ತಕಗಳೂ ಓಲೆಗಳೂ ಇರುವ ದಾಖಲೆಗಳ ಭಂಡಾರವಿದೆ. ಶ್ರೀನಿವಾಸ ಹಾವನೂರರು ಇಂಥ ಮಿಷನರಿ ಆಕರಗಳನ್ನು ಬಗೆದು ನೋಡಿದ್ದರಿಂದಲೇ 1974ರಲ್ಲಿ ಪ್ರಕಟವಾದ ‘ಹೊಸಗನ್ನಡದ ಅರುಣೋದಯ’ ಅಷ್ಟು ಗಟ್ಟಿಯಾದ ಗ್ರಂಥವಾಯಿತು. ದೇವಶಾಸ್ತ್ರದ ವಿದ್ಯಾರ್ಥಿಗಳ ಕನ್ನಡ ಪ್ರಬಂಧಗಳ ಸೂಚಿಯೊಂದನ್ನು ಯಾರಾದರೂ ಸಿದ್ಧಪಡಿಸಿದರೆ ಕನ್ನಡ ವಿಭಾಗಗಳವರಿಗೂ ಉಪಯೋಗವಾದೀತು. ಪದಕೋಶ ಮಾಡುವವರಿಗಂತೂ ಅದು ಗಣಿ.

ನಮ್ಮ ಹುಡುಗನ ಪ್ರಬಂಧ ಅಂಗೀಕೃತವಾಯಿತು. ಅವನ ತಂದೆ ಈಗಲೂ ಒಂದು ಎಕರೆಯಲ್ಲಿ ಹೊಗೆಸೊಪ್ಪು ಹಾಕುತ್ತಾರೆ, ಉಳಿದುದರಲ್ಲಿ ಶುಂಠಿ. ಹುಡುಗನನ್ನು ಅವನ ಸಭೆಯವರು ಮಲೆನಾಡಿನ ಕಡೆಗೆ ಸಭಾಪಾಲಕನನ್ನಾಗಿ ಕಳುಹಿಸಿದ್ದಾರೆ. ಹೊಗೆಸೊಪ್ಪಿನ ಗೋಜು ಅಲ್ಲಿಲ್ಲ. ಬೆಳೆಹಬ್ಬಕ್ಕೆ ಬರುವುದು ಅಡಿಕೆಗೊನೆ. ಸವಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಅದಕ್ಕೇ ಅಂತೆ. ಅಡಿಕೆಯನ್ನೂ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 2004ರಲ್ಲಿ ಪಟ್ಟಿಗೆ ಸೇರಿಸಿತೆಂಬುದನ್ನು ಅವನು ಎಲ್ಲಿಯೋ ಓದಿದ್ದಾನೆ. ಮೊನ್ನೆ ಪತ್ರ ಬರೆದು, ಕಿಟ್ಟೆಲ್ ಕೋಶದಲ್ಲಿ ಅಡಕೆ ಎಂಬ ಶಬ್ದದ ಕೆಳಗೆ ಏನೇನಿದೆಯೋ ಎಲ್ಲವನ್ನೂ ಪ್ರತಿಮಾಡಿ ಕಳುಹಿಸಬೇಕೆಂದು ಕೇಳಿದ್ದ. ಮಾಡಿ ಅಂಚೆಗೆ ಹಾಕಿದ್ದೇನೆ.